ಗಣೇಶನ ಮದುವೆಯ ವಿಚಾರ

ಗಣೇಶನಿಗೆ ಮದುವೆ ಆಗಿದೆಯಾ, ಇಲ್ವಾ? ಉತ್ತರ ಏನು ಅನ್ನುವುದು ಯಾರ ಮನೆಯಲ್ಲಿ ನಿಂತು ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಅಮ್ಮನ ತವರು ನಂಜನಗೂಡು. ಅಲ್ಲಿ ಅವನು ಅಪ್ಪಟ ಬ್ರಹ್ಮಚಾರಿ. ಬಾಬಾ, ಅಂದರೆ ನನ್ನ ಅಪ್ಪ, ಕೋಲ್ಕತ್ತಾದವರು. ಅಲ್ಲಿ ಅವನಿಗೆ ಒಬ್ಬಳು ಹೆಂಡತಿ. ನಾವು ಬೆಳೆದದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಪಕ್ಕದ ಮನೆಯವರು ಗುಜರಾತಿಗಳು. ಅವರಲ್ಲಿ ಅವನಿಗೆ ಇಬ್ಬರು ಹೆಂಡಿರು, ರಿದ್ಧಿ ಮತ್ತು ಸಿದ್ಧಿ. ಸಾಲದ್ದಕ್ಕೆ ಶುಭ, ಲಾಭ ಅಂತ ಎರಡು ಗಂಡುಮಕ್ಕಳು ಬೇರೆ. ಬೇಲಿ ದಾಟಿ ಆಟಕ್ಕೆ ಹೋಗುವಷ್ಟರಲ್ಲಿ ನಮ್ಮ ಬ್ರಹ್ಮಚಾರಿ ನಾಲ್ಕು ಜನರನ್ನು ಸಾಕಬೇಕಾದ ಸಂಸಾರಿ ಆಗಿಬಿಡುತ್ತಿದ್ದ.

ವಲಸೆ ಬಂದವರ ಮಕ್ಕಳು ಅಂದ ಕೂಡಲೇ ಎಲ್ಲರ ಹತ್ತಿರವೂ ಒಂದು ಕಥೆ ರೆಡಿ ಇರುತ್ತದೆ. ಮನೆಯೊಳಗೆ ಭಾರತ, ಮನೆಯಾಚೆ ಅಮೆರಿಕ, ನಡುವೆ ಸಿಕ್ಕಿಕೊಂಡ ಪಾಪದ ಮಗು. ನನಗೆ ಆ ಕಷ್ಟ ಅಷ್ಟಾಗಿ ಗೊತ್ತಾಗಲೇ ಇಲ್ಲ. ಅಮೆರಿಕ ಸುಲಭ. ಶೂ ಹಾಕಿಕೊಂಡರೆ ಶುರು, ಬಿಚ್ಚಿದರೆ ಮುಗೀತು. ತಲೆನೋವು ಇದ್ದದ್ದೆಲ್ಲ ಶೂ ಬಿಚ್ಚಿ ಒಳಗೆ ಬಂದ ಮೇಲೆ. ಶಾಲೆಯಲ್ಲಿ ಟೀಚರು ಬಹಳ ಪ್ರೀತಿಯಿಂದ, 'ಇಂಡಿಯಾದಲ್ಲಿ ಈ ಹಬ್ಬ ಹೇಗೆ ಮಾಡ್ತೀರಿ, ಹೇಳು' ಅನ್ನುತ್ತಿದ್ದರು. ಇಡೀ ದೇಶದ ಪರವಾಗಿ ಮಾತಾಡಲು ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಬೆಂಚಿನಿಂದ ಪಕ್ಕದ ಮನೆಯ ಹುಡುಗಿ, 'ಅವಳು ಹೇಳೋದು ತಪ್ಪು' ಅಂತ ಕೈ ಎತ್ತಿರುತ್ತಿದ್ದಳು.

ದೀಪಾವಳಿಯನ್ನೇ ತಗೊಳ್ಳಿ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ 2024ರಲ್ಲಿ ಮೊದಲ ಸಲ ದೀಪಾವಳಿಗೆ ರಜೆ ಕೊಟ್ಟರು. ಒಂದು ದಿನ. ಸುದ್ದಿ ಓದಿ ನಾನು ಮತ್ತು ನನ್ನ ತಮ್ಮ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ನಮ್ಮ ಮನೆಯಲ್ಲಿ ನರಕ ಚತುರ್ದಶಿಗೆ ಅಮ್ಮ ಬೆಳಕು ಹರಿಯುವ ಮೊದಲೇ ಎಬ್ಬಿಸಿ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಅಮಾವಾಸ್ಯೆಗೆ ಬಾಬಾ ಕಾಳಿ ಪೂಜೆ ಅಂತ ಮಧ್ಯರಾತ್ರಿ ದಾಟುವವರೆಗೆ ಕೂರಿಸಿಕೊಳ್ಳುತ್ತಿದ್ದರು. ಮರುದಿನ ಅಮ್ಮನ ಬಲಿಪಾಡ್ಯಮಿ. ಅದರ ಮರುದಿನ ಬಾಬಾ ಕಡೆಯ ಭಾಯಿ ಫೋಟಾ, ತಮ್ಮನ ಹಣೆಗೆ ನಾನು ಗಂಧ ಇಡಬೇಕು. ನಿದ್ದೆ ಮಾಡುವುದಕ್ಕೆ ಶಾಲೆಯೊಂದೇ ಉಳಿದಿದ್ದ ಜಾಗ. ಅದಕ್ಕೂ ರಜೆ ಕೊಟ್ಟರೆ ಮಕ್ಕಳ ಗತಿ ಏನು?

ನಮ್ಮ ದೇವರ ಮನೆ ಅಂದರೆ ಮನೆ ಕಟ್ಟಿದವರು ಟವೆಲ್ಲು, ಬೆಡ್‌ಶೀಟು ಇಡಲಿ ಅಂತ ಮಾಡಿದ್ದ ಒಂದು ಕಪಾಟು. ಅಲ್ಲಿನ ನಮ್ಮವರ ಎಷ್ಟೋ ಮನೆಗಳಲ್ಲಿ ದೇವರು ಹೀಗೇ ಬಟ್ಟೆಯ ಕಪಾಟಿನಲ್ಲೋ ಅಡುಗೆಮನೆಯ ಶೆಲ್ಫಿನಲ್ಲೋ ಇರುತ್ತಾನೆ. ಬಾಗಿಲು ತೆಗೆದರೆ ನಂಜುಂಡೇಶ್ವರ, ಚಾಮುಂಡಿ, ಲಕ್ಷ್ಮಿಯ ಬೆಳ್ಳಿ ಮುಖವಾಡ. ಅದರ ಕೆಳಗಿನ ಹಲಗೆಯಲ್ಲಿ ದಕ್ಷಿಣೇಶ್ವರದ ಕಾಳಿ, ಶಾರದಾದೇವಿ, ರಾಮಕೃಷ್ಣ ಪರಮಹಂಸರು. ಪರಮಹಂಸರಿಗೆ ಮಾತ್ರ ಎರಡೂ ಕಡೆಯಿಂದ ತಕರಾರಿರಲಿಲ್ಲ. ಮೈಸೂರಿನಲ್ಲೂ ಅವರ ಆಶ್ರಮ ಇದೆಯಲ್ಲ. ಕಪಾಟಿನ ಎದುರಿಗೇ ಸೂರಿನಲ್ಲಿ ಸ್ಮೋಕ್ ಅಲಾರಂ. ಅಮ್ಮ ಮಂಗಳಾರತಿ ಎತ್ತಿದ ಕೂಡಲೇ ಅದು ಹೊಡೆದುಕೊಳ್ಳಲು ಶುರು ಮಾಡುತ್ತಿತ್ತು. ಟವೆಲ್ ಬೀಸುವುದು ತಮ್ಮನ ಡ್ಯೂಟಿ. ಅವನಿಗೆ ಇವತ್ತಿಗೂ ಆರತಿ ಕಂಡರೆ ಕೈ ತಾನಾಗಿ ಮೇಲೆ ಹೋಗುತ್ತದೆ.

ಅಜ್ಜಿಗೆ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಿದ್ದರು. ನನ್ನ ಕನ್ನಡವೆಲ್ಲ ಆ ಆರಾರು ತಿಂಗಳಲ್ಲಿ ಕಲಿತದ್ದು. ಒಂದು ವರ್ಷ ಬಾಬಾ ಅವರ ತಾಯಿಯೂ ಅದೇ ಸಮಯಕ್ಕೆ ಬಂದರು. ಅವರನ್ನು ನಾವು ಠಾಕುಮಾ ಅನ್ನುತ್ತಿದ್ದೆವು. ಅಜ್ಜಿಗೆ ಬಂಗಾಳಿ ಬಾರದು. ಠಾಕುಮಾಗೆ ಕನ್ನಡ ಬಾರದು. ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೆ. ನಡುವೆ ದುಭಾಷಿ ನಾನು, ನಾಲ್ಕನೇ ಕ್ಲಾಸು. ಇಬ್ಬರೂ ಸಣ್ಣ ಧ್ವನಿಯಲ್ಲಿ ಗೊಣಗಿದ್ದನ್ನು ನಾನು ದಾಟಿಸುತ್ತಿರಲಿಲ್ಲ. ಅದಕ್ಕೇ ಬೀಗಿತ್ತಿಯರ ಸಂಬಂಧ ಕೊನೆವರೆಗೂ ಚೆನ್ನಾಗಿ ಉಳಿಯಿತು ಅಂತ ನನ್ನ ನಂಬಿಕೆ.

ಆ ವರ್ಷ ಗೌರಿ ಹಬ್ಬಕ್ಕೆ ಬಾಳೆಕಂದು ಬೇಕೇ ಬೇಕು ಅಂತ ಅಜ್ಜಿ ಹಟ ಹಿಡಿದರು. ನ್ಯೂಜೆರ್ಸಿಯಲ್ಲಿ ಬಾಳೆ ಎಲೆ ಸಿಗುತ್ತದೆ, ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ಫ್ರೀಜರಿನಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತದೆ. ಕಂದು ಎಲ್ಲಿಂದ ತರೋದು? ಬಾಬಾ ಗಿಡ ಮಾರುವ ಅಂಗಡಿಗೆ ಹೋಗಿ ಕುಂಡದಲ್ಲಿ ಬೆಳೆಸಿದ ಎರಡು ಬಾಳೆ ಗಿಡ ತಂದರು. ನನ್ನ ಎತ್ತರ ಇದ್ದವು. ಟೀವಿ ಸ್ಟ್ಯಾಂಡಿನ ಮೇಲೆ ಮಂಟಪ, ಆ ಕಡೆ ಒಂದು ಈ ಕಡೆ ಒಂದು ಗಿಡ. ತದಿಗೆ ದಿನ ಗೌರಿ ಬಂದಳು, ಚೌತಿಗೆ ಮಗ ಬಂದ. ಅಜ್ಜಿ ಹೂವಿನ ಕಡ್ಡಿ ಕಿತ್ತುಕೊಳ್ಳುತ್ತ ಕಥೆ ಹೇಳಿದರು. ಗೌರಿ ತವರಿಗೆ ಬರೋದು ಕಣೇ, ಮಾರನೇ ದಿನ ಅಮ್ಮನ್ನ ಕರ್ಕೊಂಡು ಹೋಗೋಕೆ ಮಗ ಬರ್ತಾನೆ. ನಂಜನಗೂಡಿನಿಂದ ಮಾವ ಅಮ್ಮನಿಗೆ ಗೌರಿ ಹಬ್ಬದ ದುಡ್ಡು ಕಳಿಸಿದ್ದ. ಅರಿಶಿನ ಕುಂಕುಮಕ್ಕೆ ಅಂತ ತವರಿನವರು ಕೊಡುವ ದುಡ್ಡು ಅದು. ಡಾಲರಿಗೆ ಬದಲಾಯಿಸಿದರೆ ಎರಡು ಪಿಜ್ಜಾ ಬರುತ್ತಿತ್ತೋ ಏನೋ. ಅಮ್ಮ ಅದನ್ನು ಬದಲಾಯಿಸಲಿಲ್ಲ. ಅಜ್ಜಿಯ ಕೈಯಲ್ಲಿ ಬಂದ ನೋಟುಗಳನ್ನು ಹಾಗೇ ಕಪಾಟಿನಲ್ಲಿ ಲಕ್ಷ್ಮಿ ಹಿಂದೆ ಇಟ್ಟಳು.

ತಿಂಗಳು ಕಳೆದು ದುರ್ಗಾ ಪೂಜೆ ಬಂತು. ಬಂಗಾಳಿಗಳ ಲೆಕ್ಕದಲ್ಲಿ ದುರ್ಗೆಯೂ ತವರಿಗೆ ಬರುವ ಮಗಳೇ. ಗಂಡನನ್ನು ಕೈಲಾಸದಲ್ಲಿ ಬಿಟ್ಟು, ನಾಲ್ಕೂ ಮಕ್ಕಳನ್ನು ಕಟ್ಟಿಕೊಂಡು, ಷಷ್ಠಿಯಿಂದ ದಶಮಿವರೆಗೆ ಇದ್ದು ಹೋಗುತ್ತಾಳೆ. ಆದರೆ ಅಮೆರಿಕದಲ್ಲಿ ಯಾರಿಗೂ ಐದು ದಿನ ರಜೆ ಇಲ್ಲ. ಹಾಗಾಗಿ ಷಷ್ಠಿ ಶುಕ್ರವಾರ ಸಂಜೆ, ಸಪ್ತಮಿ ಅಷ್ಟಮಿ ಎರಡೂ ಶನಿವಾರ, ನವಮಿ ಭಾನುವಾರ ಬೆಳಿಗ್ಗೆ, ಊಟ ಆದ ಮೇಲೆ ದಶಮಿ. ಪಂಚಾಂಗ ಏನೇ ಹೇಳಲಿ, ಬಾಡಿಗೆಗೆ ಹಿಡಿದ ಹೈಸ್ಕೂಲಿನ ಜಿಮ್ ಭಾನುವಾರ ಸಂಜೆಗೆ ಖಾಲಿ ಮಾಡಿ ಕೊಡಬೇಕು. ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ದುರ್ಗೆ ನಿಂತಿರುತ್ತಿದ್ದಳು. ಹಿಂದೆ ಸ್ಕೋರ್‌ಬೋರ್ಡು.

ಸಪ್ತಮಿ ಬೆಳಿಗ್ಗೆ ಬಂಗಾಳಿಗಳು ಒಂದು ಬಾಳೆ ಗಿಡಕ್ಕೆ ಸ್ನಾನ ಮಾಡಿಸಿ, ಕೆಂಪು ಅಂಚಿನ ಬಿಳಿ ಸೀರೆ ಉಡಿಸಿ, ತಲೆ ಮೇಲೆ ಸೆರಗು ಹೊದಿಸಿ, ಗಣೇಶನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಒಂಬತ್ತು ಗಿಡಗಳ ಕಟ್ಟು ಅದು, ದುರ್ಗೆಯದೇ ಒಂದು ರೂಪ, ಅಂತ ಪುರೋಹಿತರು ಹೇಳುತ್ತಾರೆ. ಯಾರು ಕೇಳುತ್ತಾರೆ? ಜನರ ಬಾಯಲ್ಲಿ ಅವಳು ಕೊಲಾ ಬೌ, ಬಾಳೆ ಸೊಸೆ, ಗಣೇಶನ ಹೆಂಡತಿ. ಕೋಲ್ಕತ್ತಾದಲ್ಲಾದರೆ ಮೆರವಣಿಗೆಯಲ್ಲಿ ಗಂಗೆಗೆ ಕರೆದೊಯ್ದು ಸ್ನಾನ ಮಾಡಿಸುತ್ತಾರೆ. ನಮ್ಮಲ್ಲಿ ಪಾರ್ಕಿಂಗ್ ಲಾಟಿನಲ್ಲಿ ಬಕೆಟ್ಟು. ಆ ವರ್ಷ ಪೂಜೆ ನಡೆಸುವ ಬಂಗಾಳಿ ಸಂಘದವರಿಗೆ ಬಾಳೆ ಗಿಡ ಸಿಕ್ಕಿರಲಿಲ್ಲ. ಬಾಬಾ, ನಮ್ಮನೇಲಿ ಎರಡಿವೆ ಅಂತ ಒಂದನ್ನು ಕುಂಡದ ಸಮೇತ ಕಾರಿಗೆ ಹಾಕಿಕೊಂಡು ಬಂದಿದ್ದರು. ಅಜ್ಜಿಗೆ ಹೇಳಿರಲಿಲ್ಲ.

ಅಜ್ಜಿ ಜಿಮ್ಮಿನೊಳಗೆ ಬಂದು ದುರ್ಗೆಗೆ ಕೈ ಮುಗಿದರು. ಗಣೇಶನ ಕಡೆ ತಿರುಗಿದರು. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಸೀರೆಯವಳನ್ನು ನೋಡಿದರು. ಹತ್ತಿರ ಹೋಗಿ ಸೆರಗು ಒಂಚೂರು ಸರಿಸಿದರು. ಒಳಗಿನ ಎಲೆಯ ತುದಿ ಹರಿದಿತ್ತು. ಚೌತಿಯ ದಿನ ತಮ್ಮ ಬಾಲ್ ಎಸೆದು ಹರಿದದ್ದು.

'ಇದು ನಮ್ಮನೆ ಗಿಡ ಅಲ್ವೇನೇ?'

'ಹೂಂ ಅಜ್ಜಿ. ಈಗ ಮದುವೆ ಆಗಿದೆ.'

'ಯಾರಿಗೆ?'

'ಗಣೇಶಂಗೆ.'

'ರಾಮ ರಾಮ! ಬ್ರಹ್ಮಚಾರಿ ಕಣೇ ಅವನು!'

ನನಗೋ ಆ ಕ್ಷಣದಲ್ಲಿ ಎಲ್ಲ ಅರ್ಥವಾದ ಹಾಗೆ ಆಯಿತು. ಬಾಬಾ ಕಡೆ ಗಣೇಶನಿಗೆ ಒಂದು ಬಾಳೆ ಗಿಡ, ಒಬ್ಬಳು ಹೆಂಡತಿ. ನಮ್ಮ ಮನೆಯ ಮಂಟಪದಲ್ಲಿ ಎರಡು ಬಾಳೆ ಗಿಡ. ಅಂದರೆ ಪಕ್ಕದ ಮನೆಯವರು ಹೇಳಿದ್ದೇ ಸರಿ! ಅಜ್ಜಿ ವರ್ಷ ವರ್ಷವೂ ಗೊತ್ತಿಲ್ಲದೆ ರಿದ್ಧಿ ಸಿದ್ಧಿಯರನ್ನು ಕಂಬಕ್ಕೆ ಕಟ್ಟುತ್ತಿದ್ದಾರೆ. ಇದನ್ನು ನಾನು ಅಲ್ಲೇ ಜೋರಾಗಿ ಎರಡು ಭಾಷೆಯಲ್ಲಿ ಘೋಷಿಸಿದೆ. ಠಾಕುಮಾ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಅಜ್ಜಿ ನಗಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಗಿಡ ನಮ್ಮನೇದು ಅಂದ್ಮೇಲೆ ಹೆಣ್ಣು ಕೊಟ್ಟವರು ನಾವೇ ಆದ್ವಲ್ಲ. ಅಲ್ಲೂ ನಾವೇ ಹೆಣ್ಣಿನ ಕಡೆ, ಇಲ್ಲೂ ನಾವೇನಾ?' ಅಂದರು. ಆಮೇಲೆ ಸೀರೆಯ ನಿರಿಗೆ ಸರಿಯಿಲ್ಲ ಅಂತ ತಾವೇ ಕೂತು ಸರಿಮಾಡಿದರು.

ಗಣೇಶನ ತಮ್ಮನ ವಿಷಯಕ್ಕೆ ಬಂದರೆ ಇನ್ನೂ ಗೋಜಲು. ಬಂಗಾಳದ ಕಾರ್ತಿಕ ಮದುವೆಯಾಗದ ಚೆಲುವ. ಗುಂಗುರು ಕೂದಲು, ತಿದ್ದಿದ ಮೀಸೆ, ಪಕ್ಕದಲ್ಲಿ ನವಿಲು. ಹೊಸದಾಗಿ ಮದುವೆಯಾದವರ ಬಾಗಿಲಲ್ಲಿ ಗೆಳೆಯರು ಕದ್ದು ಕಾರ್ತಿಕನ ಮೂರ್ತಿ ಇಟ್ಟು ಹೋಗುವ ತಮಾಷೆಯೂ ಅಲ್ಲುಂಟು. ಬೇಗ ಮಗು ಆಗಲಿ ಅಂತ. ಬಾಗಿಲಿಗೆ ಬಂದ ದೇವರನ್ನು ಪೂಜೆ ಮಾಡದೆ ಬಿಡುವ ಹಾಗಿಲ್ಲ, ಖರ್ಚು ದಂಪತಿಗಳದ್ದು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣಪತಿ ದೇವಸ್ಥಾನ ಇದೆ, 1977ರ ಜುಲೈ 4ರಂದು ಪ್ರತಿಷ್ಠೆ ಆದದ್ದು. ಅಲ್ಲಿ ಮೊದಲ ಸಲ ವಳ್ಳಿ, ದೇವಸೇನೆಯರ ಜೊತೆ ನಿಂತ ಸುಬ್ರಹ್ಮಣ್ಯನನ್ನು ನೋಡಿ ಬಾಬಾ ಅಮ್ಮನ ಕಿವಿಯಲ್ಲಿ, 'ಇವನಿಗೆ ಯಾವಾಗ ಆಯ್ತು? ನಮಗೆ ಹೇಳ್ಲೇ ಇಲ್ವಲ್ಲ' ಅಂದರಂತೆ.

ಪ್ರಪಂಚ ಸುತ್ತಿ ಬರುವ ಪಂದ್ಯದ ಕಥೆ ಎಲ್ಲರಿಗೂ ಗೊತ್ತು. ತಮ್ಮ ನವಿಲು ಹತ್ತಿ ಹೊರಟ, ಅಣ್ಣ ಅಪ್ಪ ಅಮ್ಮನಿಗೆ ಒಂದು ಸುತ್ತು ಹಾಕಿ ಗೆದ್ದ. ಅಜ್ಜಿ ಹೇಳುವಾಗ ಬಹುಮಾನ ಒಂದು ಹಣ್ಣು. ಶಿವಪುರಾಣದಲ್ಲಿ ಬಹುಮಾನ ಮದುವೆ. ಗೆದ್ದವನಿಗೆ ಮೊದಲು ಮದುವೆ ಅಂತ ಪಂದ್ಯ, ಗಣೇಶ ಗೆದ್ದು ಸಿದ್ಧಿ ಬುದ್ಧಿಯರನ್ನು ಕಟ್ಟಿಕೊಂಡ. ಸುತ್ತಿ ಸುಸ್ತಾಗಿ ಬಂದವನು ಮುನಿಸಿಕೊಂಡು ಕ್ರೌಂಚ ಬೆಟ್ಟಕ್ಕೆ ಹೋದ. ಹಣ್ಣಿಗೋಸ್ಕರ ಅಷ್ಟು ದೊಡ್ಡ ಮುನಿಸು ಯಾಕೆ ಅಂತ ಚಿಕ್ಕವಳಿದ್ದಾಗ ನನಗೆ ಅನುಮಾನ ಇತ್ತು. ಮದುವೆ ಅಂದಮೇಲೆ ಸರಿಹೋಯಿತು.

ಆದರೆ ನಿಜವಾದ ಸಭೆ ನಡೆದದ್ದು ಶನಿವಾರ ರಾತ್ರಿ, ಅಡುಗೆಮನೆಯ ಟೇಬಲ್ಲಿನಲ್ಲಿ. ಜಿಮ್ಮಿನಲ್ಲಿ ದುರ್ಗೆಯ ಆಚೆ ಈಚೆ ಲಕ್ಷ್ಮಿ ಸರಸ್ವತಿಯರು ನಿಂತದ್ದನ್ನು ಅಜ್ಜಿ ನೋಡಿದ್ದರು. ಅವರಿಬ್ಬರೂ ಯಾಕೆ ಬಂದಿದ್ದಾರೆ ಅಂತ ಕೇಳಿದರು. ಹೆಣ್ಣುಮಕ್ಕಳಲ್ವಾ, ಅಮ್ಮನ ಜೊತೆ ಅಜ್ಜಿ ಮನೆಗೆ ಬಂದಿದ್ದಾರೆ, ಅಂದರು ಠಾಕುಮಾ. ಅಜ್ಜಿಗೆ ಇದು ಹೊಸ ಸುದ್ದಿ. ಅವರ ಲೆಕ್ಕ ಬೇರೆ. ವಿಷ್ಣು ಪಾರ್ವತಿಯ ಅಣ್ಣ. ಲಕ್ಷ್ಮಿ ವಿಷ್ಣುವಿನ ಹೆಂಡತಿ. ಅಂದರೆ ಲಕ್ಷ್ಮಿ ಪಾರ್ವತಿಗೆ ಅತ್ತಿಗೆ. ಬ್ರಹ್ಮ ಹುಟ್ಟಿದ್ದು ವಿಷ್ಣುವಿನ ಹೊಕ್ಕುಳಿನಿಂದ, ಸರಸ್ವತಿ ಬ್ರಹ್ಮನ ಹೆಂಡತಿ. ಅಂದರೆ ಸರಸ್ವತಿ ಲಕ್ಷ್ಮಿಗೆ ಸೊಸೆ. ನಾನು ಹೋಂವರ್ಕ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬಾಣ ಹಾಕಿ ವಂಶವೃಕ್ಷ ಬರೆಯುತ್ತಿದ್ದೆ. ಅತ್ತೆ ಸೊಸೆ ಇಬ್ಬರೂ ಬಾಬಾ ಕಡೆಗೆ ಬರುವಷ್ಟರಲ್ಲಿ ಅಕ್ಕ ತಂಗಿ ಆಗಿಬಿಡುತ್ತಿದ್ದರು.

ಅಜ್ಜಿ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಮುಖ ಅರಳಿತು.

'ಸರಿಯಾಗೇ ಇದೆಯಲ್ಲ! ಲಕ್ಷ್ಮಿ ಪಾರ್ವತಿ ಮಗಳು. ವಿಷ್ಣು ಪಾರ್ವತಿ ಅಣ್ಣ. ಸೋದರಮಾವನಿಗೇ ಕೊಟ್ಟಿದ್ದಾರೆ. ಚಿನ್ನದಂಥ ಸಂಬಂಧ, ಬಿಡು.'

ಅವರ ದೊಡ್ಡಕ್ಕನನ್ನೂ ಸೋದರಮಾವನಿಗೇ ಕೊಟ್ಟಿದ್ದರು. ಆಸ್ತಿ ಹೊರಗೆ ಹೋಗಲಿಲ್ಲ, ಹುಡುಗಿ ಗುರುತಿಲ್ಲದ ಮನೆಗೆ ಹೋಗಲಿಲ್ಲ. ನಾನು ಇದನ್ನು ಯಥಾವತ್ತಾಗಿ ಬಂಗಾಳಿಗೆ ದಾಟಿಸಿದೆ. ಠಾಕುಮಾ ಕೈಯಲ್ಲಿದ್ದ ಲುಚಿ ತಟ್ಟೆಗೆ ಬಿತ್ತು. ಬಂಗಾಳದಲ್ಲಿ ಅಮ್ಮನ ತಮ್ಮ ಅಂದರೆ ಅನ್ನಪ್ರಾಶನದಲ್ಲಿ ಮಗುವಿಗೆ ಮೊದಲ ತುತ್ತು ತಿನ್ನಿಸುವವನು. ಅವನಿಗೆ ಹೆಣ್ಣು ಕೊಡೋದು ಅಂದರೆ ಕಿವಿ ಮುಚ್ಚಿಕೊಳ್ಳುವ ಮಾತು. ಮಾವನ ಮಕ್ಕಳೂ ಅಣ್ಣ ತಂಗಿಯರೇ. ನಮ್ಮ ಕಡೆಯೂ ಮೊದಲ ತುತ್ತು ಸೋದರಮಾವನೇ ತಿನ್ನಿಸುವುದು, ಆಮೇಲೆ ಬೇಕಾದರೆ ಮದುವೇನೂ ಆಗಬಹುದು ಅಷ್ಟೆ. ಹಿಂದೂ ವಿವಾಹ ಕಾಯ್ದೆ 1955ರಲ್ಲೂ ಈ ಎರಡು ಅಜ್ಜಿಯರಿಗೆ ಜಾಗ ಇದೆ ಅಂತ ದೊಡ್ಡವಳಾದ ಮೇಲೆ ಗೊತ್ತಾಯಿತು. ಸೋದರಮಾವ, ಅಕ್ಕನ ಮಗಳ ಮದುವೆ ನಿಷಿದ್ಧ, ಆದರೆ ಅವರಲ್ಲಿ ರೂಢಿ ಇದ್ದರೆ ಪರವಾಗಿಲ್ಲ ಅನ್ನುತ್ತದೆ ಅದು. ನ್ಯೂಜೆರ್ಸಿಯ ಕಾನೂನು ಮಾತ್ರ ಸೋದರಮಾವನ ವಿಷಯದಲ್ಲಿ ಠಾಕುಮಾ ಕಡೆ.

ಆ ರಾತ್ರಿ ಠಾಕುಮಾ ಸುಮ್ಮನೆ ಬಿಡಲಿಲ್ಲ. ನಿಮ್ಮೂರಿನ ಚಾಮುಂಡಿಯ ಗಂಡ ಯಾರು, ಮಕ್ಕಳೆಷ್ಟು, ಅಂತ ಕೇಳಿದರು. ಅಜ್ಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಕ್ಕಳಿಲ್ಲ. ಉತ್ತನಹಳ್ಳಿಯಲ್ಲಿ ಒಬ್ಬಳು ತಂಗಿ ಇದ್ದಾಳೆ. ಗಂಡ ಅಂತಲ್ಲ, ಆದರೆ ನಮ್ಮ ನಂಜುಂಡನಿಗೂ ಅವಳಿಗೂ ಪ್ರೀತಿ. ಅವಳು ಬೆಟ್ಟದ ಮೇಲೆ, ಅವನು ಕಪಿಲಾ ನದಿ ದಡದಲ್ಲಿ. ಮನೆಯಲ್ಲಿ ಅವನಿಗೆ ಹೆಂಡತಿ ಇದ್ದಾಳೆ. ನಮ್ಮ ಕಡೆಯ ಜನಪದ ಹಾಡುಗಳಲ್ಲಿ ಈ ಜಗಳವೇ ರಾತ್ರಿಯೆಲ್ಲ ಹಾಡುವಷ್ಟಿದೆ. ಶಿವನಿಗೆ ಕೈಲಾಸದಲ್ಲಿ ಒಂದು ಸಂಸಾರ, ನಂಜನಗೂಡಿನಲ್ಲಿ ಇನ್ನೊಂದಾ, ಅಂತ ಠಾಕುಮಾ ಹುಬ್ಬೇರಿಸಿದರು. ಅಜ್ಜಿ ಮಜ್ಜಿಗೆ ಕಡೆಯುತ್ತ, 'ಗಂಡಸರು' ಅಂದರು. ಇದನ್ನು ದಾಟಿಸಬೇಕಾಗಿ ಬರಲಿಲ್ಲ.

ಬಾಬಾ ತಮ್ಮ ಪಾಲಿನದನ್ನು ವರ್ಷ ವರ್ಷವೂ ಜಿಮ್ಮಿನಲ್ಲಿ ಸೇರಿಸುತ್ತಿದ್ದರು. ದುರ್ಗೆಯ ಕಾಲಡಿ ಮಹಿಷಾಸುರ ಬಿದ್ದಿರುತ್ತಾನಲ್ಲ. ಮೈಸೂರಿಗೆ ಹೆಸರು ಬಂದದ್ದೇ ಅವನಿಂದ. ಚಾಮುಂಡಿ ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತವನ ಎದುರು ಅಮ್ಮ ಹುಡುಗಿಯಾಗಿದ್ದಾಗ ತೆಗೆಸಿಕೊಂಡ ಫೋಟೋ ನಮ್ಮ ಆಲ್ಬಮ್ಮಿನಲ್ಲಿತ್ತು. ಬಾಬಾ ಅವನ ಕಡೆ ಕೈ ತೋರಿಸಿ, 'ನಿಮ್ಮ ತವರಿನವರು ಬಂದಿದ್ದಾರೆ, ಮಾತಾಡ್ಸು' ಅನ್ನುತ್ತಿದ್ದರು. ಅಮ್ಮ ಒಂದು ಸಲವೂ ನಗಲಿಲ್ಲ. ಬಾಬಾ ಒಂದು ಸಲವೂ ಬಿಡಲಿಲ್ಲ.

ಲಾಭವೂ ಇತ್ತು, ಇಲ್ಲ ಅನ್ನಲಾರೆ. ಅಮ್ಮನ ಕಡೆ ನವರಾತ್ರಿಯಲ್ಲಿ ಸರಸ್ವತಿ ಪೂಜೆ. ಪುಸ್ತಕ ದೇವರ ಹತ್ತಿರ ಇಟ್ಟರೆ ವಿಜಯದಶಮಿವರೆಗೆ ಮುಟ್ಟುವ ಹಾಗಿಲ್ಲ. ಬಾಬಾ ಕಡೆ ಸರಸ್ವತಿ ಪೂಜೆ ಮಾಘದ ಪಂಚಮಿಗೆ, ಅವತ್ತೂ ಓದುವ ಹಾಗಿಲ್ಲ. ಒಂದು ಅಕ್ಟೋಬರಿಗೆ, ಒಂದು ಜನವರಿ ಫೆಬ್ರವರಿಗೆ. ಗಣಿತದ ಪುಸ್ತಕವನ್ನು ಎರಡು ಸಲವೂ ನಾನೇ ಓಡಿಹೋಗಿ ಕಪಾಟಿನಲ್ಲಿ ಇಟ್ಟು ಬರುತ್ತಿದ್ದೆ. ಭಕ್ತಿ ಅಂದರೆ ಇದು ಅಂತ ಅಜ್ಜಿ ಫೋನಿನಲ್ಲಿ ಎಲ್ಲರಿಗೂ ಹೇಳಿದರು.

ಗೊಂಬೆ ಹಬ್ಬದಲ್ಲಿ ಮಾತ್ರ ಸ್ವಲ್ಪ ಜಾಗದ ಜಗಳ ಆಯಿತು. ಅಮ್ಮನ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ. ಕೆಳಗೆ ಶೆಟ್ಟಿ ಶೆಟ್ಟಮ್ಮ, ಮುಂದೆ ಅಕ್ಕಿ ಬೇಳೆ ಅಂಗಡಿ. ಠಾಕುಮಾ ಪ್ರೀತಿಯಿಂದ ಕೃಷ್ಣನಗರದ ಮಣ್ಣಿನ ಗೊಂಬೆ ತಂದಿದ್ದರು. ಕೃಷ್ಣನಗರದವರ ಕೈಚಳಕ ನೋಡಬೇಕು, ಉಗುರು ಕೂಡ ಕಾಣುತ್ತದೆ. ಈ ಗೊಂಬೆ ಮೀನು ಮಾರುವವಳದ್ದು. ಮುಂದೆ ಈಳಿಗೆಮಣೆ, ಅದರ ಮೇಲೆ ಅರ್ಧ ಕತ್ತರಿಸಿದ ಮೀನು, ಕತ್ತರಿಸಿದ ಕಡೆ ಕೆಂಪು ಬಣ್ಣ. ಅಜ್ಜಿ ಬೇಡ ಅನ್ನಲಿಲ್ಲ. ಕೊನೆ ಮೆಟ್ಟಿಲಿನ ಕೊನೆಯಲ್ಲಿ ಕೂರಿಸಿದರು. ಶೆಟ್ಟಿ ಅಂಗಡಿಗೆ ವಾಸನೆ ಬರಬಾರದು ಅಂತ ನಡುವೆ ಒಂದು ಪ್ಲಾಸ್ಟಿಕ್ ಉದ್ಯಾನ ಇಟ್ಟರು.

ಅಮೆರಿಕದಲ್ಲಿ ದೊಡ್ಡವರೂ ಇದೇ ಜಾಗದ ಲೆಕ್ಕ ಹಾಕಿದ್ದಾರೆ. 1970ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ದೇವಸ್ಥಾನ ಕಟ್ಟಲು ಹೊರಟವರು ಕೊನೆಗೆ ಎರಡು ಕಟ್ಟಿದರು. ಪೆನ್ ಹಿಲ್ಸ್‌ನಲ್ಲಿ ತಿರುಪತಿಯ ಮಾದರಿಯ ವೆಂಕಟೇಶ್ವರ, ಹತ್ತಿರದ ಮನ್ರೋವಿಲ್‌ನಲ್ಲಿ ಉತ್ತರದ ಶೈಲಿಯ ಹಿಂದೂ ಜೈನ್ ದೇವಸ್ಥಾನ. ಅಲ್ಲಿ ಜಾಗ ಇತ್ತು, ಎರಡು ಕಟ್ಟಿದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಕಪಾಟು. ಪಾಲು ಮಾಡಿದ್ದರೆ ಟವೆಲ್ ಇಡುವುದು ಎಲ್ಲಿ?

ಭಾನುವಾರ ಮಧ್ಯಾಹ್ನದ ದಶಮಿ. ಹೆಂಗಸರು ಸಾಲಾಗಿ ಹೋಗಿ ದುರ್ಗೆಯ ಕೆನ್ನೆಗೆ ವೀಳ್ಯದೆಲೆ ಒತ್ತಿ, ಬಾಯಿಗೆ ಸಂದೇಶ್ ಅನ್ನುವ ಸಿಹಿ ಮುಟ್ಟಿಸಿ, ಹಣೆಗೆ ಸಿಂಧೂರ ಹಚ್ಚಿ, ಆಮೇಲೆ ಒಬ್ಬರಿಗೊಬ್ಬರು ಬಳಿದುಕೊಂಡರು. ಊರಿನಲ್ಲಾದರೆ ಇದಾದ ಮೇಲೆ ಗಂಗೆಯಲ್ಲಿ ಬಿಡುವುದು. ನಮ್ಮ ದುರ್ಗೆ ಕೋಲ್ಕತ್ತಾದಲ್ಲಿ ಮೂರ್ತಿ ಮಾಡುವವರ ಕೇರಿಯಾದ ಕುಮಾರಟುಲಿಯಿಂದ ಹಡಗಿನಲ್ಲಿ ಬಂದವಳು. ವರ್ಷ ವರ್ಷ ಹೊಸಬಳನ್ನು ತರಿಸಲು ನಮ್ಮ ಸಂಘಕ್ಕೆ ಕೈಲಾಗುತ್ತಿರಲಿಲ್ಲ. ಹಾಗಾಗಿ ತಾಯಿ ಮಕ್ಕಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಹೆದ್ದಾರಿ ಪಕ್ಕದ ಸ್ಟೋರೇಜಿನಲ್ಲಿ ತಿಂಗಳ ಬಾಡಿಗೆಗೆ ಇಡುತ್ತಿದ್ದರು. ಖಜಾಂಚಿ ಬಾಬಾ. ತವರಿಗೆ ಬಂದ ಮಗಳು ವಾಪಸ್ ಹೋಗುವುದೇ ಇಲ್ಲ ಅಂತ ಅಜ್ಜಿಗೆ ತಿಳಿದಾಗ ಗಾಬರಿಯಾಯಿತು. 'ಗಂಡನ್ನೂ ಇಲ್ಲಿಗೇ ಕರೆಸ್ಕೊಬಾರ್ದಾ?' ಅಂದರು. ವೀಸಾ ಸಿಗಬೇಕಲ್ಲ, ಅಂದರು ಬಾಬಾ.

ಪೆಟ್ಟಿಗೆಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ್ದರು. ಅಜ್ಜಿ ತಡೆದರು. ಹೆಣ್ಣುಮಗಳನ್ನ ಬರೀ ಮಡಿಲಲ್ಲಿ ಕಳಿಸ್ತಾರಾ ಯಾರಾದ್ರೂ? ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು, ಬ್ಲೌಸ್ ಪೀಸು ಎಲ್ಲ ಬ್ಯಾಗಿನಲ್ಲಿ ತಂದಿದ್ದರು. ಬಾಬಾ ತಲೆ ಕೆರೆದುಕೊಂಡರು. ಸ್ಟೋರೇಜಿನವರ ಕರಾರಿನಲ್ಲಿ ತಿನ್ನುವ ಪದಾರ್ಥ ಇಡಬಾರದು ಅಂತ ಇದೆ, ಇಲಿ ಬರುತ್ತವೆ. ಗಣೇಶನ ಕಾಲ ಹತ್ತಿರ ಒಂದು ಆಗಲೇ ಇದೆಯಲ್ಲ, ಅಂದ ತಮ್ಮ. ಹತ್ತು ನಿಮಿಷ ಮಾತುಕತೆ ಆಯಿತು, ಎರಡೂ ದಿಕ್ಕಿಗೆ ನಾನೇ. ಕೊನೆಗೆ ಬ್ಲೌಸ್ ಪೀಸು, ಬಳೆ, ಒಂದು ರೂಪಾಯಿ ಒಳಗೆ ಹೋದವು. ಅಕ್ಕಿ ಬೆಲ್ಲ ಠಾಕುಮಾ ಪಾಲಾಯಿತು, ಅವರು ಅದರಲ್ಲಿ ಪಾಯೇಶ್ ಮಾಡಿದರು.

ಮುಂದಿನ ವರ್ಷ ಪೆಟ್ಟಿಗೆ ಬಿಚ್ಚಿದವರಿಗೆ ಆ ಬ್ಲೌಸ್ ಪೀಸು ಸಿಕ್ಕಿತು. ಇದ್ಯಾವ ಶಾಸ್ತ್ರ ಅಂತ ಯಾರಿಗೂ ಗೊತ್ತಿರಲಿಲ್ಲ, ತೆಗೆದು ಹಾಕುವ ಧೈರ್ಯವೂ ಇರಲಿಲ್ಲ. ಈಗ ಕಮಿಟಿಯಲ್ಲಿ ಇರುವವರೆಲ್ಲ ಹೊಸಬರು. ಅಮ್ಮನಿಗೆ ಮಾತ್ರ ಪ್ರತಿ ಸೆಪ್ಟೆಂಬರಿನಲ್ಲಿ ಫೋನು ಬರುತ್ತದೆ. 'ದೀದಿ, ಈ ಸಲದ ಬ್ಲೌಸ್ ಪೀಸು ನೀವು ತರ್ತೀರೋ, ನಾವೇ ತರೋದೋ? ಮತ್ತೆ ಸರಸ್ವತಿಗೂ ಒಂದು ಬೇಕಾ?'